ಹೊಲದ ಮೂಲೆ ಒಂದೇ, ಅಂಕಿ ಬೇರೆ: ಮರುಸರ್ವೆಯ ನಿರ್ದೇಶಾಂಕಗಳನ್ನು ಅರಿಯುವ ಬಗೆ

ಆಂಧ್ರಪ್ರದೇಶದ ಹಳ್ಳಿಗಳಲ್ಲಿ ಭೂಮಿಯ ಮರುಸರ್ವೆ ಆರಂಭವಾದುದು 2020ರ ಡಿಸೆಂಬರ್ ತಿಂಗಳಲ್ಲಿ. ಬ್ರಿಟಿಷರ ಕಾಲದಲ್ಲಿ ಸರಪಳಿ ಹಿಡಿದು ಅಳೆದ ನೆಲವನ್ನು ಸುಮಾರು ನೂರು ವರ್ಷಗಳ ಅನಂತರ ಡ್ರೋನ್ ಮತ್ತು ಉಪಗ್ರಹಗಳ ನೆರವಿನಿಂದ ಮತ್ತೆ ಅಳೆಯುವ ಕಾರ್ಯವಿದು. 2024ರಲ್ಲಿ ಸರ್ಕಾರ ಬದಲಾದ ಮೇಲೆ ಭೂಹಕ್ಕು ಕಾಯಿದೆಯೊಂದು ರದ್ದಾಯಿತು. ಪಾಸ್‌ಪುಸ್ತಕದ ಹೊದಿಕೆಯೂ ಬದಲಾಯಿತು. ಆದರೆ ಅಳತೆಯ ಕೆಲಸ ನಿಲ್ಲಲಿಲ್ಲ. ಮರುಸರ್ವೆ ಮುಗಿದ ಗ್ರಾಮಗಳಲ್ಲಿ ಹಳೆಯ ಸರ್ವೆ ನಂಬರಿನ ಸ್ಥಾನದಲ್ಲಿ ಎಲ್.ಪಿ.ಎಂ. ಸಂಖ್ಯೆ ಬಂದಿದೆ. ಪ್ರತಿಯೊಂದು ಹಿಡುವಳಿಗೂ ಒಂದು ನಕ್ಷೆ, ನಕ್ಷೆಯ ಪ್ರತಿಯೊಂದು ಮೂಲೆಗೂ ನಿರ್ದೇಶಾಂಕಗಳು, ಅಂದರೆ ಉದ್ದನೆಯ ಅಂಕಿಗಳು.

ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆ, ಮಡಕಶಿರಾ ಮಂಡಲಗಳ ಹಾಗೂ ರಾಯದುರ್ಗದ ಭಾಗದ ಕನ್ನಡ ಮನೆಗಳಿಗೆ ಈ ಕಾಗದ ಬಂದಾಗ ಎರಡು ತೊಡಕುಗಳು ಒಟ್ಟಿಗೇ ಎದುರಾಗುತ್ತವೆ. ಬರಹ ತೆಲುಗಿನಲ್ಲಿರುತ್ತದೆ ಎಂಬುದು ಮೊದಲನೆಯದು. ಅಂಕಿಗಳು ಯಾವ ಭಾಷೆಯವರಿಗೂ ಸುಲಭವಾಗಿ ಅರ್ಥವಾಗದಂಥವು ಎಂಬುದು ಎರಡನೆಯದು. ಮೊದಲನೆಯ ತೊಡಕಿಗೆ ನೆರೆಮನೆಯವರೊಬ್ಬರು ಓದಿ ಹೇಳಬಹುದು. ಎರಡನೆಯದಕ್ಕೆ ನಮ್ಮ ಮಕ್ಕಳೇ ನೆರವಾಗಬಲ್ಲರು. ಹತ್ತನೆಯ ತರಗತಿಯ ಗಣಿತದಲ್ಲಿ ಅವರು ಕಲಿಯುವ ನಿರ್ದೇಶಾಂಕ ರೇಖಾಗಣಿತವೇ ಈ ನಕ್ಷೆಗೆ ಬುನಾದಿ. ಅಂಕಿ ತಪ್ಪಿದ್ದರೆ ತಿದ್ದಿಸಿಕೊಳ್ಳಲು ನೋಟೀಸಿನಲ್ಲಿ ಒಂದು ಅವಧಿ ಇರುತ್ತದೆ. ಅರ್ಥವಾಗಲಿಲ್ಲವೆಂದು ಕಾಗದವನ್ನು ಪೆಟ್ಟಿಗೆಯಲ್ಲಿಟ್ಟರೆ ಆ ಅವಧಿ ಮುಗಿದುಹೋಗುತ್ತದೆ. ಆದುದರಿಂದ ಈ ಅಂಕಿಗಳು ಎಲ್ಲಿಂದ ಬಂದವು, ಹಳೆಯ ಲೆಕ್ಕ ಹೊಸ ಲೆಕ್ಕಕ್ಕೆ ಹೇಗೆ ಮಾರ್ಪಡುತ್ತದೆ ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಗುಂಟೆ ಮತ್ತು ಸೆಂಟು

ಗಡಿಯವರಾದ ನಮಗೆ ಅಳತೆಯ ಪರಿವರ್ತನೆ ಹೊಸದಲ್ಲ. ಶಿರಾ ತಾಲ್ಲೂಕಿನ ಪಹಣಿಯಲ್ಲಿ ಎಕರೆ–ಗುಂಟೆ, ನಮ್ಮ ಅಡಂಗಲ್ ಮತ್ತು 1-ಬಿಯಲ್ಲಿ ಎಕರೆ–ಸೆಂಟು. ಒಂದು ಎಕರೆಗೆ 43,560 ಚದರ ಅಡಿ. ಅದನ್ನು 40 ಪಾಲು ಮಾಡಿದರೆ 1,089 ಚದರ ಅಡಿಯ ಒಂದು ಗುಂಟೆ, ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಅದೇ ಎಕರೆಯನ್ನು ನೂರು ಪಾಲು ಮಾಡಿದರೆ 435.6 ಚದರ ಅಡಿಯ ಒಂದು ಸೆಂಟು. ಹಾಗಾಗಿ ಒಂದು ಗುಂಟೆಗೆ ಎರಡೂವರೆ ಸೆಂಟು.

ಕರ್ನಾಟಕದ ಕಡೆ 2 ಎಕರೆ 20 ಗುಂಟೆ ಎಂದರೆ ಆಂಧ್ರದ ಲೆಕ್ಕದಲ್ಲಿ 2 ಎಕರೆ 50 ಸೆಂಟು. ಇದನ್ನು ಅರಿಯದವನು 2-20 ಎಂಬುದನ್ನು 2.20 ಎಂದು ಓದಿದರೆ 30 ಸೆಂಟು, ಅಂದರೆ 12 ಗುಂಟೆ ನೆಲ ಕಾಗದದ ಮೇಲೆ ಮಾಯವಾಗುತ್ತದೆ. ನೆಲ ಅಲ್ಲೇ ಇದೆ. ಬದುವೂ ಅಲ್ಲೇ ಇದೆ. ತಪ್ಪಿದ್ದು ಅಂಕಿಯಲ್ಲೂ ಅಲ್ಲ, ಯಾವ ಪದ್ಧತಿಯ ಅಂಕಿ ಎಂಬುದನ್ನು ಕೇಳದೆ ಓದಿದ್ದರಲ್ಲಿ.

ನಿರ್ದೇಶಾಂಕಗಳ ವಿಷಯದಲ್ಲಿಯೂ ಆಗುವುದು ಇದೇ. ಊರ ಬಾವಿ ಎಲ್ಲಿದೆ ಎಂದು ಕೇಳಿದರೆ ಒಬ್ಬರು ಹುಣಸೆಮರದಿಂದ ಮೂವತ್ತು ಹೆಜ್ಜೆ ಎನ್ನುತ್ತಾರೆ, ಇನ್ನೊಬ್ಬರು ಗುಡಿಯಿಂದ ನೂರು ಹೆಜ್ಜೆ ಎನ್ನುತ್ತಾರೆ. ಇಬ್ಬರೂ ಹೇಳುವುದು ನಿಜ. ಎಲ್ಲಿಂದ ಎಣಿಸಿದರು ಎಂಬುದು ತಿಳಿಯದಿದ್ದರೆ ಮಾತ್ರ ಜಗಳ. ಭೂಮಾಪನದಲ್ಲಿ ಹೀಗೆ 'ಎಲ್ಲಿಂದ, ಯಾವ ಆಕಾರದ ಭೂಮಿಯ ಮೇಲೆ ಎಣಿಸಿದ್ದು' ಎಂದು ಗೊತ್ತುಪಡಿಸುವ ಆಧಾರವನ್ನು ಡೇಟಮ್ ಎಂದು ಕರೆಯುತ್ತಾರೆ.

ಗುತ್ತಿಯಲ್ಲಿಯೂ ಒಂದು ಆಧಾರರೇಖೆ

ಭಾರತದ ಹಳೆಯ ಡೇಟಮ್‌ನ ಕಥೆಗೆ ನಮ್ಮ ಸೀಮೆಯ ನಂಟಿದೆ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು ಏಳೂವರೆ ಮೈಲಿ ಉದ್ದದ ಒಂದು ನೇರ ಗೆರೆಯನ್ನು ಉಕ್ಕಿನ ಸರಪಳಿಯಿಂದ ಬಹು ಎಚ್ಚರಿಕೆಯಿಂದ ಅಳೆದನು. ತ್ರಿಭುಜದ ಒಂದು ಬಾಹು ಮತ್ತು ಎರಡು ಕೋನಗಳು ತಿಳಿದರೆ ಉಳಿದ ಬಾಹುಗಳನ್ನು ಲೆಕ್ಕದಿಂದ ಪಡೆಯಬಹುದಷ್ಟೆ. ಹಾಗೆ ಪಡೆದ ಬಾಹುವಿನ ಮೇಲೆ ಇನ್ನೊಂದು ತ್ರಿಭುಜ, ಅದರ ಮೇಲೆ ಮತ್ತೊಂದು. ಬೆಟ್ಟದ ತುದಿಯಿಂದ ಬೆಟ್ಟದ ತುದಿಗೆ ನೋಟ ಹಾಯಿಸಿ ಕೋನ ಅಳೆಯುತ್ತ ದೇಶವನ್ನೆಲ್ಲ ತ್ರಿಭುಜಗಳ ಬಲೆಯಿಂದ ಮುಚ್ಚುವುದೇ ಈ ಮಹಾ ತ್ರಿಕೋನಮಾಪನದ ವಿಧಾನ.

ಲೆಕ್ಕ ದೂರ ಸಾಗಿದಂತೆ ತಪ್ಪು ಕೂಡಿಕೊಳ್ಳುತ್ತದೆ. ಅದನ್ನು ಪರೀಕ್ಷಿಸಲು ಅಲ್ಲಲ್ಲಿ ಹೊಸ ಆಧಾರರೇಖೆಗಳನ್ನು ನೆಲದ ಮೇಲೆಯೇ ಅಳೆಯಬೇಕು. ಹೀಗೆ 1804ರಲ್ಲಿ ಬೆಂಗಳೂರಿನ ಬಳಿ, 1811ರಲ್ಲಿ ಅನಂತಪುರ ಜಿಲ್ಲೆಯ ಗುತ್ತಿಯ ಬಳಿ, 1815ರಲ್ಲಿ ಬೀದರಿನ ಬಳಿ ಆಧಾರರೇಖೆಗಳನ್ನು ಅಳೆದರು. ಕನ್ಯಾಕುಮಾರಿಯಿಂದ ಹಿಮಾಲಯದ ತಪ್ಪಲಿನವರೆಗೆ 78ನೆಯ ರೇಖಾಂಶದ ಸಮೀಪದಲ್ಲಿ ಸಾಗಿದ ಈ ತ್ರಿಭುಜಗಳ ಸಾಲಿಗೆ 'ಮಹಾ ಚಾಪ' ಎಂಬ ಹೆಸರು ಬಂದಿತು. 1823ರಲ್ಲಿ ಲ್ಯಾಂಬ್ಟನ್ ತೀರಿಕೊಂಡ ಮೇಲೆ ಜಾರ್ಜ್ ಎವರೆಸ್ಟ್ ಈ ಕಾರ್ಯವನ್ನು ಮುಂದುವರಿಸಿದನು.

ಭೂಮಿ ಗುಂಡಗಿದೆ ಎಂದು ಮಕ್ಕಳು ಓದುತ್ತಾರೆ. ಧ್ರುವಗಳಲ್ಲಿ ತುಸು ಚಪ್ಪಟೆ ಎಂದೂ ಓದುತ್ತಾರೆ. ಎಷ್ಟು ಚಪ್ಪಟೆ ಎಂಬುದೇ ಭೂಮಾಪಕನ ಪ್ರಶ್ನೆ. ಭಾರತದಲ್ಲಿ ಅಳೆದ ಚಾಪದಿಂದ ಎವರೆಸ್ಟ್ 1830ರಲ್ಲಿ ಒಂದು ಆಕಾರವನ್ನು ಲೆಕ್ಕ ಹಾಕಿದನು. ಅದರಲ್ಲಿ ಸಮಭಾಜಕ ವೃತ್ತದ ತ್ರಿಜ್ಯ ಸುಮಾರು 63,77,276 ಮೀಟರ್. ಮಧ್ಯಪ್ರದೇಶದ ಕಲ್ಯಾಣಪುರ ಎಂಬಲ್ಲಿನ ಒಂದು ಠಾಣೆಯನ್ನು ಮೂಲಬಿಂದುವಾಗಿ ಹಿಡಿದು ಆ ಆಕಾರವನ್ನು ಭಾರತದ ನೆಲಕ್ಕೆ ಹೊಂದಿಸಿದರು. ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆಗಳಲ್ಲಿ ಕಾಣುವ ಅಕ್ಷಾಂಶ ರೇಖಾಂಶಗಳೆಲ್ಲ ಈ ಎವರೆಸ್ಟ್ ಡೇಟಮ್‌ನವು. 1953ರಲ್ಲಿ ಆಂಧ್ರ ರಾಜ್ಯ ರಚನೆಯಾಗಿ ಬಳ್ಳಾರಿ ಜಿಲ್ಲೆಯ ರಾಯದುರ್ಗ ಆಂಧ್ರಕ್ಕೆ ಸೇರಿದಾಗಲೂ, 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗಲೂ ಬಳಕೆಯಲ್ಲಿದ್ದುದು ಅದೇ.

ಉಪಗ್ರಹ ಬಂದ ಮೇಲೆ

ಎವರೆಸ್ಟ್ ಆಕಾರ ಭಾರತಕ್ಕೆ ಚೆನ್ನಾಗಿ ಹೊಂದುತ್ತಿತ್ತು; ಪ್ರಪಂಚಕ್ಕೆಲ್ಲ ಹೊಂದುತ್ತಿರಲಿಲ್ಲ. ಅದರ ಕೇಂದ್ರವು ಭೂಮಿಯ ನಿಜವಾದ ಕೇಂದ್ರದಿಂದ ನೂರಾರು ಮೀಟರ್ ಸರಿದಿತ್ತು. ಉಪಗ್ರಹಗಳಾದರೋ ಭೂಮಿಯ ದ್ರವ್ಯಕೇಂದ್ರವನ್ನೇ ಸುತ್ತುತ್ತವೆ. ಆದ್ದರಿಂದ ಅವುಗಳಿಂದ ಸ್ಥಾನ ಗುರುತಿಸಬೇಕಾದರೆ ಆ ಕೇಂದ್ರವನ್ನೇ ಮೂಲವಾಗಿ ಉಳ್ಳ ಡೇಟಮ್ ಬೇಕಾಯಿತು. ಅದೇ ಡಬ್ಲ್ಯು.ಜಿ.ಎಸ್. 84. ಇದರಲ್ಲಿ ಸಮಭಾಜಕ ತ್ರಿಜ್ಯ 63,78,137 ಮೀಟರ್, ಎವರೆಸ್ಟ್ ಲೆಕ್ಕಕ್ಕಿಂತ ಸುಮಾರು 861 ಮೀಟರ್ ಹೆಚ್ಚು. ನಮ್ಮ ಕೈಯಲ್ಲಿರುವ ಮೊಬೈಲಿನ ಜಿ.ಪಿ.ಎಸ್. ತೋರಿಸುವುದು ಈ ಲೆಕ್ಕದ ಅಂಕಿಗಳನ್ನೇ. 2005ರ ರಾಷ್ಟ್ರೀಯ ನಕ್ಷಾ ನೀತಿಯು ಸಾರ್ವಜನಿಕರ ಬಳಕೆಯ ನಕ್ಷೆಗಳಿಗೆ ಡಬ್ಲ್ಯು.ಜಿ.ಎಸ್. 84 ಅನ್ನು ಗೊತ್ತುಪಡಿಸಿತು.

ಎರಡು ಡೇಟಮ್‌ಗಳ ನಡುವಿನ ಅಂತರ ನೆಲದ ಮೇಲೆ ಎಷ್ಟಾಗುತ್ತದೆ? ಪ್ರಕಟವಾಗಿರುವ ಸ್ಥೂಲ ಪರಿವರ್ತನಾಂಕಗಳಿಂದ ಅಗಳಿಯ ಸುತ್ತಮುತ್ತ ಲೆಕ್ಕ ಹಾಕಿದರೆ ಸುಮಾರು 190 ಮೀಟರ್ ಬರುತ್ತದೆ. ಇನ್ನೂರು ಮೀಟರ್ ಎಂದು ನೆನಪಿಟ್ಟುಕೊಂಡರೆ ಸಾಕು. ಅಂದರೆ ಹಳೆಯ ನಕ್ಷೆಯಿಂದ ಒಂದು ಕಲ್ಲಿನ ಅಕ್ಷಾಂಶ ರೇಖಾಂಶಗಳನ್ನು ಬರೆದುಕೊಂಡು, ಪರಿವರ್ತಿಸದೆ ಮೊಬೈಲಿಗೆ ಹಾಕಿ ಹುಡುಕುತ್ತ ಹೊರಟವನು ಇನ್ನೂರು ಮೀಟರ್ ಆಚೆಯ ಬೇರೆಯವರ ತೋಟದಲ್ಲಿ ನಿಂತಿರುತ್ತಾನೆ. ನಕ್ಷೆಯೂ ಸರಿ, ಮೊಬೈಲೂ ಸರಿ. ನಡುವೆ ಪರಿವರ್ತನೆ ಆಗಲಿಲ್ಲ.

ಪರಿವರ್ತನೆ ನಡೆಯುವ ಬಗೆ

ಒಂದು ಡೇಟಮ್‌ನಿಂದ ಇನ್ನೊಂದಕ್ಕೆ ಹೋಗಲು ಭೂಮಾಪಕರು ಸಾಮಾನ್ಯವಾಗಿ ಏಳು ಅಂಕಗಳನ್ನು ಬಳಸುತ್ತಾರೆ. ಹಳೆಯ ಚೌಕಟ್ಟನ್ನು ಮೂರು ದಿಕ್ಕುಗಳಲ್ಲಿ ಎಷ್ಟೆಷ್ಟು ಸರಿಸಬೇಕು ಎಂಬುದಕ್ಕೆ ಮೂರು, ಎಷ್ಟೆಷ್ಟು ತಿರುಗಿಸಬೇಕು ಎಂಬುದಕ್ಕೆ ಮೂರು, ಎಷ್ಟು ಹಿಗ್ಗಿಸಬೇಕು ಅಥವಾ ಕುಗ್ಗಿಸಬೇಕು ಎಂಬುದಕ್ಕೆ ಒಂದು. ಈ ಏಳು ಅಂಕಗಳು ತಾವಾಗಿ ಸಿಗುವುದಿಲ್ಲ. ಎರಡೂ ಲೆಕ್ಕಗಳಲ್ಲಿ ಸ್ಥಾನ ತಿಳಿದಿರುವ ಬಿಂದುಗಳು ನೆಲದ ಮೇಲೆ ಇರಬೇಕು. ಹಳೆಯ ಠಾಣೆಯ ಕಲ್ಲಿನ ಮೇಲೆಯೇ ಉಪಗ್ರಹ ಗ್ರಾಹಕವನ್ನಿಟ್ಟು ಅಳೆದಾಗ ಒಂದೇ ಬಿಂದುವಿಗೆ ಎರಡು ಜೊತೆ ಅಂಕಿಗಳು ದೊರೆಯುತ್ತವೆ. ಅಂತಹ ಹಲವು ಕಲ್ಲುಗಳಿಂದ ಪರಿವರ್ತನೆಯ ಸೂತ್ರ ಸಿದ್ಧವಾಗುತ್ತದೆ. ಕನ್ನಡ–ತೆಲುಗು ನಿಘಂಟಿನಲ್ಲಿ ಒಂದೇ ಅರ್ಥಕ್ಕೆ ಎರಡು ಪದಗಳನ್ನು ಎದುರುಬದುರು ಇಟ್ಟಂತೆಯೇ ಇದು.

ಗ್ರಾಮದ ಮಟ್ಟದಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ಬೆಲೆಯಿದೆ. ನಮ್ಮ ಹೊಲಗಳ ಹಳೆಯ ಎಫ್.ಎಂ.ಬಿ. ಪುಟಗಳಲ್ಲಿ ಅಕ್ಷಾಂಶ ರೇಖಾಂಶಗಳೇ ಇರುವುದಿಲ್ಲ. ಈ ಕಲ್ಲಿನಿಂದ ಆ ಕಲ್ಲಿಗೆ ಇಷ್ಟು ದೂರ, ಆ ಗೆರೆಯಿಂದ ಬದುವಿಗೆ ಅಡ್ಡಲಾಗಿ ಇಷ್ಟು ದೂರ ಎಂದಷ್ಟೇ ಬರೆದಿರುತ್ತದೆ. ಆ ಪುಟವನ್ನು ಹೊಸ ನಕ್ಷೆಯ ಮೇಲೆ ಕೂರಿಸಲು ಇರುವ ಆಧಾರವೆಂದರೆ ಕಲ್ಲುಗಳೇ. ಅದರಲ್ಲಿಯೂ ಮೂರು ಊರುಗಳ ಎಲ್ಲೆ ಕೂಡುವ ಕಲ್ಲು ಬಹಳ ಮುಖ್ಯ. ಹೊಲ ಮಟ್ಟ ಮಾಡುವಾಗ ಜೆ.ಸಿ.ಬಿ.ಯಿಂದ ಇಂತಹ ಕಲ್ಲನ್ನು ಕಿತ್ತು ಬದಿಗೆಸೆದರೆ, ಹೋದುದು ಒಂದು ಕಲ್ಲಲ್ಲ. ತಾತನ ಕಾಲದ ದಾಖಲೆಯನ್ನು ಇಂದಿನ ದಾಖಲೆಗೆ ಜೋಡಿಸುವ ಸಾಕ್ಷ್ಯ. ಮರುಸರ್ವೆ ಮುಗಿದಿದೆ, ಹಳೆಯ ಕಲ್ಲು ಇನ್ನೇಕೆ ಎಂದು ಯಾರೂ ಕೀಳಿಸಬಾರದು. ನಾಳೆ ತಕರಾರು ಬಂದರೆ ನ್ಯಾಯಾಲಯದಲ್ಲಿ ಮೊದಲು ಕೇಳುವುದು ಹಳೆಯ ಗುರುತು ಎಲ್ಲಿತ್ತು ಎಂಬುದನ್ನೇ.

ರೋವರ್ ಮತ್ತು ಮೊಬೈಲ್

ಸರ್ವೆಯರ್ ಹಿಡಿದು ಬರುವ ಕೋಲಿನ ತುದಿಯ ರೋವರಿಗೂ ನಮ್ಮ ಮೊಬೈಲಿಗೂ ಸಂಕೇತ ಬರುವುದು ಅದೇ ಉಪಗ್ರಹಗಳಿಂದ. ಆದರೂ ಮೊಬೈಲಿನ ಸ್ಥಾನದಲ್ಲಿ ಮೂರರಿಂದ ಐದು ಮೀಟರ್, ಕೆಲವೊಮ್ಮೆ ಅದಕ್ಕೂ ಹೆಚ್ಚು ವ್ಯತ್ಯಾಸವಿರುತ್ತದೆ. ರೋವರಿನದು ಕೆಲವೇ ಸೆಂಟಿಮೀಟರ್. ಕಾರಣ, ಅದಕ್ಕೆ ನೆರವಾಗುವ ನೆಲೆಗಳು. ಕಾರ್ಸ್ ಎಂದು ಕರೆಯುವ ಈ ನೆಲೆಗಳಲ್ಲಿ ಹಗಲಿರುಳೂ ಉಪಗ್ರಹಗಳ ಸಂಕೇತ ಹಿಡಿಯುವ ಗ್ರಾಹಕಗಳಿವೆ. ನೆಲೆಯ ನಿಜವಾದ ಸ್ಥಾನ ಮೊದಲೇ ಗೊತ್ತು. ಉಪಗ್ರಹ ಹೇಳುವ ಸ್ಥಾನಕ್ಕೂ ನಿಜಸ್ಥಾನಕ್ಕೂ ಇರುವ ವ್ಯತ್ಯಾಸದಿಂದ ಆ ಕ್ಷಣದ ತಪ್ಪು ತಿಳಿಯುತ್ತದೆ. ಅದನ್ನು ಕೂಡಲೇ ರೋವರಿಗೆ ಕಳುಹಿಸಿ ತಿದ್ದಿಸುತ್ತಾರೆ. ಕಡಲೆಕಾಯಿ ತೂಗುವ ಮೊದಲು ತಕ್ಕಡಿಯ ಮೇಲೆ ಗೊತ್ತಿರುವ ತೂಕದ ಬಟ್ಟಿಟ್ಟು, ತಕ್ಕಡಿ ಎಷ್ಟು ಸುಳ್ಳು ಹೇಳುತ್ತದೆ ಎಂದು ನೋಡಿಕೊಳ್ಳುವುದಿಲ್ಲವೆ? ಹಾಗೆಯೇ ಇದು.

ಆದುದರಿಂದ ಮೊಬೈಲಿನ ನಕ್ಷೆಯಲ್ಲಿ ನೀಲಿ ಚುಕ್ಕೆ ಬದುವಿನ ಆಚೆ ಕಂಡಿತೆಂದು ನೆರೆಯವರೊಡನೆ ಜಗಳಕ್ಕೆ ನಿಲ್ಲುವುದು ಸಲ್ಲದು. ಕರ್ನಾಟಕದ ಕಡೆ ಜಮೀನುಳ್ಳವರು ಬಳಸುವ ದಿಶಾಂಕ್ ಆ್ಯಪಿಗೂ ಇದೇ ಮಾತು ಅನ್ವಯಿಸುತ್ತದೆ. ನಿಂತಿರುವುದು ಯಾವ ಸರ್ವೆ ನಂಬರಿನಲ್ಲಿ ಎಂದು ತಿಳಿಯಲು ಅದು ಉಪಯುಕ್ತ. ಬದುವಿನ ತಕರಾರು ತೀರ್ಮಾನಿಸುವ ಸಾಧನ ಅದಲ್ಲ.

ಇನ್ನೊಂದು ಸಂಗತಿ ಮಕ್ಕಳಿಗೆ ಅಚ್ಚರಿಯೆನಿಸೀತು. ನಮ್ಮ ಕಾಲ ಕೆಳಗಿನ ಭೂಫಲಕವು ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯದ ಕಡೆಗೆ ಸರಿಯುತ್ತಿದೆ. 1956ರಲ್ಲಿ ಗಡಿ ಎಳೆದಂದಿನಿಂದ ಇಂದಿನವರೆಗೆ ಅಗಳಿಯೂ ಶಿರಾವೂ ಕೂಡಿಕೊಂಡೇ ಮೂರು ಮೀಟರಿಗಿಂತ ಹೆಚ್ಚು ಸರಿದಿವೆ. ನೆರೆಹೊರೆಯ ಹೊಲಗಳೆಲ್ಲ ಒಟ್ಟಿಗೆ ಸರಿಯುವುದರಿಂದ ಅವುಗಳ ನಡುವಿನ ಬದು ಬದಲಾಗುವುದಿಲ್ಲ. ಆದರೆ ಭೂಮಿಯ ಕೇಂದ್ರದಿಂದ ಎಣಿಸಿದ ಅಂಕಿ ಬದಲಾಗುತ್ತದೆ. ಹಾಗಾಗಿ ನಿಖರವಾದ ನಿರ್ದೇಶಾಂಕಕ್ಕೆ ಸ್ಥಳದ ಜೊತೆ ಕಾಲವನ್ನೂ ಹೇಳಬೇಕು. ಯಾವ ವರ್ಷದ ಲೆಕ್ಕ ಎಂಬುದನ್ನು ಗೊತ್ತುಮಾಡಿ, ಎಲ್ಲ ಅಳತೆಗಳನ್ನೂ ಆ ವರ್ಷಕ್ಕೆ ತಂದು ನಿಲ್ಲಿಸುತ್ತಾರೆ.

78ನೆಯ ರೇಖಾಂಶ ಮತ್ತು ನಮ್ಮ ಜಿಲ್ಲೆ

ಅಕ್ಷಾಂಶ ರೇಖಾಂಶಗಳು ಕೋನಗಳು. ಹೊಲ ಅಳೆಯಲು ಕೋನ ಒಗ್ಗುವುದಿಲ್ಲ, ಮೀಟರ್ ಬೇಕು. ಇದಕ್ಕಾಗಿ ದುಂಡಗಿನ ಭೂಮಿಯನ್ನು ಸಮತಟ್ಟಾದ ಹಾಳೆಗೆ ಇಳಿಸಬೇಕಾಗುತ್ತದೆ. ಕಿತ್ತಳೆಯ ಸಿಪ್ಪೆಯನ್ನು ಇಡಿಯಾಗಿ ಹಲಗೆಯ ಮೇಲೆ ಚಪ್ಪಟೆ ಮಾಡಲು ಹೋದರೆ ಅದು ಹರಿಯುತ್ತದೆ. ಸಣ್ಣ ಸೀಳುಗಳಾಗಿ ಬಿಡಿಸಿದರೆ ಹೆಚ್ಚು ಕೆಡುವುದಿಲ್ಲ. ಯು.ಟಿ.ಎಂ. ಎಂಬ ಪದ್ಧತಿಯಲ್ಲಿ ಭೂಮಿಯನ್ನು 6 ಡಿಗ್ರಿ ಅಗಲದ 60 ವಲಯಗಳಾಗಿ ಸೀಳಿದ್ದಾರೆ. 72ರಿಂದ 78 ಡಿಗ್ರಿ ಪೂರ್ವ ರೇಖಾಂಶದವರೆಗೆ 43ನೆಯ ವಲಯ, 78ರಿಂದ 84ರವರೆಗೆ 44ನೆಯ ವಲಯ.

ಲ್ಯಾಂಬ್ಟನ್ ತನ್ನ ತ್ರಿಭುಜಗಳನ್ನು ಯಾವ ರೇಖಾಂಶದ ಗುಂಟ ಕಟ್ಟುತ್ತ ಹೋದನೋ ಅದೇ 78 ಇಂದು ಎರಡು ವಲಯಗಳ ಎಲ್ಲೆ. ಆ ಗೆರೆ ನಮ್ಮ ಜಿಲ್ಲೆಯೊಳಗೇ ಹಾಯುತ್ತದೆ. 2022ರ ಏಪ್ರಿಲ್ 4ರಂದು ಅನಂತಪುರದಿಂದ ಬೇರೆಯಾದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿ ಅಗಳಿ, ಮಡಕಶಿರಾ, ಹಿಂದೂಪುರ, ಜಿಲ್ಲಾ ಕೇಂದ್ರವಾದ ಪುಟ್ಟಪರ್ತಿ ಇವೆಲ್ಲ 43ನೆಯ ವಲಯದಲ್ಲಿವೆ. ಕದಿರಿ 44ನೆಯ ವಲಯದಲ್ಲಿದೆ. ರಾಯದುರ್ಗವೂ ಗಡಿಯಾಚೆಯ ಶಿರಾ, ಪಾವಗಡಗಳೂ 43ರಲ್ಲಿವೆ. ರಾಜಧಾನಿ ಅಮರಾವತಿಯಿರುವುದು 44ರಲ್ಲಿ.

ಇದರಿಂದ ಅಂಕಿಯಲ್ಲಿ ಎಷ್ಟು ವ್ಯತ್ಯಾಸ ಬರುತ್ತದೆಂಬುದನ್ನು ನೋಡೋಣ. ಪ್ರತಿ ವಲಯದ ನಡುಗೆರೆಗೆ 5 ಲಕ್ಷ ಮೀಟರ್ ಎಂಬ ಬೆಲೆ ಕೊಟ್ಟು ಪೂರ್ವಕ್ಕೆ ಎಣಿಸುತ್ತಾರೆ. 43ನೆಯ ವಲಯದ ಲೆಕ್ಕದಲ್ಲಿ ಅಗಳಿಯ ಪೂರ್ವಾಂಕ ಸುಮಾರು 7 ಲಕ್ಷ 20 ಸಾವಿರದ ಆಸುಪಾಸು. ಅದೇ ಜಾಗವನ್ನು 44ನೆಯ ವಲಯದ ಲೆಕ್ಕದಲ್ಲಿ ಬರೆದರೆ 70 ಸಾವಿರದ ಆಸುಪಾಸು. ಎರಡೂ ಅಗಳಿಯೇ. ಆದುದರಿಂದ ಮೀಟರಿನಲ್ಲಿ ಬರೆದ ನಿರ್ದೇಶಾಂಕ ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ: ಇದು ಯಾವ ವಲಯದ್ದು? ಗಡಿಯ ಎರಡೂ ಬದಿಯಲ್ಲಿ ಹೊಲವುಳ್ಳ ಕುಟುಂಬಗಳು ಎರಡು ರಾಜ್ಯಗಳ ನಕ್ಷೆಗಳನ್ನು ಹೋಲಿಸುವಾಗ ಇದನ್ನು ಮರೆಯಲೇಬಾರದು.

ಡಿಗ್ರಿಯಲ್ಲಿ ಬರೆದ ಅಂಕಿಯಲ್ಲಿಯೂ ಒಂದು ಬಲೆಯಿದೆ. 13 ಡಿಗ್ರಿ 48 ನಿಮಿಷ ಎಂದರೆ ದಶಮಾಂಶದಲ್ಲಿ 13.80 ಡಿಗ್ರಿ, 13.48 ಅಲ್ಲ. ಹಾಗೆ ತಪ್ಪಾಗಿ ಓದಿದರೆ ಅಗಳಿಯ ಹೊಲ ತುಮಕೂರಿನ ದಿಕ್ಕಿಗೆ ಸುಮಾರು 35 ಕಿಲೋಮೀಟರ್ ಸರಿದುಬಿಡುತ್ತದೆ. ಗುಂಟೆಯನ್ನು ಸೆಂಟಾಗಿ ಓದುವ ತಪ್ಪೇ ಇಲ್ಲಿ ಬೇರೆ ವೇಷದಲ್ಲಿ ಬಂದಿದೆ. ನೆನಪಿಗೆ ಇಷ್ಟು ಸಾಕು: ಅಕ್ಷಾಂಶದ ಒಂದು ಸೆಕೆಂಡು ನೆಲದ ಮೇಲೆ ಸುಮಾರು 31 ಮೀಟರ್, ದಶಮಾಂಶದ ಐದನೆಯ ಸ್ಥಾನ ಸುಮಾರು ಒಂದು ಮೀಟರ್.

ಹತ್ತನೆಯ ತರಗತಿಯ ಸೂತ್ರ, ಅಪ್ಪನ ಹೊಲ

ನಕ್ಷೆಯಲ್ಲಿ ಮೂಲೆಗಳ ನಿರ್ದೇಶಾಂಕಗಳು ಮೀಟರಿನಲ್ಲಿದ್ದರೆ ಬದುವಿನ ಉದ್ದವನ್ನು ಮನೆಯಲ್ಲಿಯೇ ಲೆಕ್ಕ ಹಾಕಬಹುದು. ಒಂದು ಮೂಲೆಯ ಪೂರ್ವಾಂಕ 721540, ಉತ್ತರಾಂಕ 1526210. ಮುಂದಿನ ಮೂಲೆಯದು 721600, 1526290 ಎಂದಿಟ್ಟುಕೊಳ್ಳೋಣ. ಪೂರ್ವಾಂಕಗಳ ವ್ಯತ್ಯಾಸ 60, ಉತ್ತರಾಂಕಗಳ ವ್ಯತ್ಯಾಸ 80. ಅರವತ್ತರ ವರ್ಗ 3600, ಎಂಬತ್ತರ ವರ್ಗ 6400, ಕೂಡಿದರೆ 10,000, ಅದರ ವರ್ಗಮೂಲ 100. ಬದುವಿನ ಉದ್ದ 100 ಮೀಟರ್. ಟೇಪು ಹಿಡಿದು ಅಳೆದಾಗ ಒಂದೆರಡು ಸೆಂಟಿಮೀಟರ್ ಕಡಮೆ ಬಂದರೆ ಗಾಬರಿಯಾಗಬೇಕಿಲ್ಲ; ದುಂಡಗಿನ ನೆಲವನ್ನು ಹಾಳೆಗೆ ಇಳಿಸುವಾಗ ಆದ ಹಿಗ್ಗು ಅದು. ಒಂದೆರಡು ಮೀಟರ್ ವ್ಯತ್ಯಾಸ ಬಂದರೆ ಮಾತ್ರ ಸರ್ವೆಯರನ್ನು ಕೇಳಲೇಬೇಕು.

ಎತ್ತರದ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು. ಕಾಲುವೆ, ಕೆರೆಗಳಿಗೆ ಬೇಕಾದ ಎತ್ತರವನ್ನು ಭಾರತದಲ್ಲಿ ಸಮುದ್ರಮಟ್ಟದಿಂದ ಎಣಿಸುತ್ತಾರೆ. ಒಂಬತ್ತು ಬಂದರುಗಳ ಉಬ್ಬರವಿಳಿತದ ಅಳತೆಯ ಮೇಲೆ 1909ರಲ್ಲಿ ಅದರ ಆಧಾರವನ್ನು ನಿಲ್ಲಿಸಲಾಯಿತು. ಉಪಗ್ರಹವಾದರೋ ಲೆಕ್ಕದ ನಯವಾದ ಆಕಾರದಿಂದ ಎತ್ತರ ಹೇಳುತ್ತದೆ. ದಕ್ಷಿಣ ಭಾರತದಲ್ಲಿ ಸಮುದ್ರಮಟ್ಟವು ಆ ಆಕಾರಕ್ಕಿಂತ ಬಹಳ ಕೆಳಗಿದೆ; ನಮ್ಮ ಭಾಗದಲ್ಲಿ 80 ಮೀಟರಿಗೂ ಹೆಚ್ಚು. ಹಾಗಾಗಿ 600 ಮೀಟರ್ ಎತ್ತರದ ಊರು ಉಪಗ್ರಹದ ನೇರ ಲೆಕ್ಕದಲ್ಲಿ 520 ಮೀಟರಿಗಿಂತ ಕೆಳಗೆ ಕಾಣುತ್ತದೆ. ನೀರು ಯಾವ ಕಡೆ ಹರಿಯುತ್ತದೆ ಎಂದು ನಿರ್ಧರಿಸುವಾಗ ಎರಡು ಲೆಕ್ಕಗಳನ್ನು ಬೆರೆಸಿದರೆ ಕಾಲುವೆ ತೋಡಿಯೂ ನೀರು ಬಾರದು.

ಓಬಳಾಪುರದ ಪಾಠ

ಹಳೆಯ ನಕ್ಷೆಯನ್ನು ಹೊಸ ನೆಲೆಗೆ ತರುವುದು ಎಷ್ಟು ಗುರುತರವಾದ ಕೆಲಸ ಎಂಬುದನ್ನು ರಾಯದುರ್ಗ ಭಾಗದವರು ಕಣ್ಣಾರೆ ಕಂಡಿದ್ದಾರೆ. ಡಿ. ಹಿರೇಹಾಳ್ ಮಂಡಲದ ಓಬಳಾಪುರದ ಬಳಿ ಗಣಿ ಪ್ರದೇಶದಲ್ಲಿ ಆಂಧ್ರ–ಕರ್ನಾಟಕಗಳ ಎಲ್ಲೆ ಎಲ್ಲಿದೆ ಎಂಬ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಗಡಿಯ ಗುರುತುಗಳು ನೆಲದ ಮೇಲೆ ಅಳಿದಿದ್ದವು. ಹತ್ತೊಂಬತ್ತನೆಯ ಶತಮಾನದ ಅರಣ್ಯ ನಕ್ಷೆಗಳನ್ನು ತೆಗೆಯಬೇಕಾಯಿತು. ಎಲ್ಲೆಯನ್ನು ಗುರುತಿಸುವ ಹೊಣೆ ಸರ್ವೆ ಆಫ್ ಇಂಡಿಯಾದ ಮೇಲೆ ಬಿದ್ದಿತು. ಹಲವು ವರ್ಷಗಳ ಪರಿಶ್ರಮದಿಂದ ಅದು ನಡೆಯಿತು. ಎರಡು ಸರ್ಕಾರಗಳ ನಡುವೆ ಕಲ್ಲು ಕಳೆದುಹೋದರೆ ಇಷ್ಟು ಕಾಲ ಬೇಕಾಯಿತು. ಇಬ್ಬರು ರೈತರ ನಡುವೆ ಕಳೆದರೆ ಅವರ ಪರವಾಗಿ ಓಡಾಡುವವರಾರು?

ಮನೆಯಲ್ಲಿ ಮಾಡಬೇಕಾದುದು

ಮರುಸರ್ವೆಯ ತಂಡ ಬರುವ ನೋಟೀಸು ಕಂಡರೆ ಹೊಲದಲ್ಲಿ ಹಾಜರಿರಬೇಕು. ನೆರೆಯ ಹೊಲದವರೂ ಇರುವಂತೆ ನೋಡಿಕೊಳ್ಳಬೇಕು. ದುಡಿಮೆಗೆ ಬೆಂಗಳೂರಿಗೆ ಹೋಗಿರುವವರು ನಂಬಿಕೆಯ ಒಬ್ಬರಿಗೆ ಬರಹದಲ್ಲಿ ಅಧಿಕಾರ ಕೊಡುವುದು ಒಳ್ಳೆಯದು. ಹಳೆಯ ಕಲ್ಲುಗಳಿದ್ದರೆ ಮುಳ್ಳುಕಂಟಿ ಸವರಿ ಅವನ್ನು ತೋರಿಸಿ, ದಾಖಲಿಸಲು ಕೇಳಬೇಕು. ಹಳೆಯ ಪಾಸ್‌ಪುಸ್ತಕ, 1-ಬಿ, ಎಫ್.ಎಂ.ಬಿ. ಪ್ರತಿ, ಕ್ರಯಪತ್ರಗಳನ್ನು ಬಿಸಾಡಬಾರದು. ಮೀ ಭೂಮಿ ತಾಣದಲ್ಲಿ ಹಳೆಯ ದಾಖಲೆ ದೊರೆತರೆ ಒಂದು ಪ್ರತಿ ತೆಗೆದಿಡಬೇಕು.

ಹೊಸ ನಕ್ಷೆ ಕೈಗೆ ಬಂದಾಗ ನಾಲ್ಕು ವಿಷಯಗಳನ್ನು ಹೋಲಿಸಿ ನೋಡಬೇಕು: ಒಟ್ಟು ವಿಸ್ತೀರ್ಣ, ಪ್ರತಿ ಬದುವಿನ ಉದ್ದ, ಚೆಕ್ಕುಬಂದಿ, ಹಕ್ಕುದಾರರ ಹೆಸರು. ಕೊನೆಯದು ನಮಗೆ ವಿಶೇಷವಾಗಿ ಮುಖ್ಯ. ಕನ್ನಡದ ಹೆಸರು ತೆಲುಗಿಗೂ ಇಂಗ್ಲಿಷಿಗೂ ಹೋಗಿ ಬರುವಾಗ ಆಧಾರಿನಲ್ಲೊಂದು ಬಗೆ, ಪಾಸ್‌ಪುಸ್ತಕದಲ್ಲೊಂದು ಬಗೆ ಆಗುತ್ತದೆ. ವಿಸ್ತೀರ್ಣ ಕಡಮೆಯಾಗಿದ್ದರೆ ಕೂಡಲೇ ಮೋಸವೆಂದು ತಿಳಿಯಬಾರದು. ಸರಪಳಿಯ ಕಾಲದ ಅಳತೆಯೇ ಒರಟಾಗಿದ್ದಿರಬಹುದು, ದಾರಿ ಅಗಲವಾಗಿರಬಹುದು, ಬದು ಸರಿದಿರಬಹುದು. ಕಾರಣವನ್ನು ಬರಹದಲ್ಲಿ ಕೇಳುವ ಹಕ್ಕು ಮಾತ್ರ ಎಲ್ಲರಿಗೂ ಇದೆ. 1923ರ ಸರ್ವೆ ಮತ್ತು ಎಲ್ಲೆಗಳ ಕಾಯಿದೆಯಲ್ಲಿ ಮೇಲ್ಮನವಿಗೆ ಅವಕಾಶವಿದೆ. ನೋಟೀಸಿನಲ್ಲಿ ಹೇಳಿದ ಅವಧಿಯೊಳಗೆ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು.

ಆ ಅರ್ಜಿ ಕನ್ನಡದಲ್ಲಿರಬಹುದು. ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ತೆಲುಗು ಬಲ್ಲವರು ತೆಲುಗಿನಲ್ಲಿಯೇ ಬರೆದರೆ ಕೆಲಸ ಬೇಗ ಸಾಗಬಹುದು. ಆದರೆ ಭಾಷೆ ಬಾರದು ಎಂಬ ಕಾರಣಕ್ಕೆ ಸುಮ್ಮನೆ ಕುಳಿತು ಅವಧಿ ಕಳೆಯುವುದು ಬೇಡ.

ಕನ್ನಡ ಮಾಧ್ಯಮದಲ್ಲಿ ಓದಿದರೆ ಏನು ಪ್ರಯೋಜನ ಎಂಬ ಪ್ರಶ್ನೆಯನ್ನು ನಮ್ಮ ಊರುಗಳ ಪೋಷಕರು ಆಗಾಗ ಕೇಳುತ್ತಾರೆ. ಅಕ್ಷಾಂಶ, ರೇಖಾಂಶ, ನಿರ್ದೇಶಾಂಕ, ದೂರಸೂತ್ರ ಇವೆಲ್ಲ ನಮ್ಮ ಮಕ್ಕಳ ಪಠ್ಯಪುಸ್ತಕದಲ್ಲಿ ಕನ್ನಡದಲ್ಲಿಯೇ ಇವೆ. ಹೊಸ ನಕ್ಷೆ ಮನೆಗೆ ಬಂದಿದ್ದರೆ ಈ ಭಾನುವಾರ ಅದನ್ನು ಹೊರತೆಗೆದು, ಹತ್ತನೆಯ ತರಗತಿಯ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಬದುವಿನ ಉದ್ದವನ್ನು ಲೆಕ್ಕ ಹಾಕಿಸಿ ನೋಡಿರಿ. ಬಳಿಕ ಟೇಪು ಹಿಡಿದು ಹೊಲಕ್ಕೆ ಹೋಗಿರಿ.